ವಿಜಯವಾಡ, ವಿಶಾಖಪಟ್ಟಣಗಳಲ್ಲಿ ನಾವು ಕಂಡ ಬಂಡವಾಳದ ಕೂಟಗಳು

ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ



ಕಳೆದ ತಿಂಗಳ ಸಭೆಯಲ್ಲಿ ನಾವು ವಾರದ ರಜೆಯ ವಿಷಯ ಮಾತನಾಡಬೇಕಾಗಿತ್ತು. ಆ ದಿನ ನಾವು ಮುಂಬಯಿಯಲ್ಲಿರಲಿಲ್ಲ. ಸಂಘದ ಕೆಲಸ ಬಿಟ್ಟು ಇವರಿಗೆ ಆಂಧ್ರದಲ್ಲೇನು ಕೆಲಸ ಎಂದು ಹಲವರು ಕೇಳಿದರು. ಒಬ್ಬರಂತೂ ನಾವು ಅಲ್ಲಿ ಸ್ವಂತ ಹೋಟೆಲು ಹಾಕಲು ಹೋಗಿದ್ದೇವೆಂದು ಸುದ್ದಿ ಹಬ್ಬಿಸಿದರಂತೆ. ಅಂಥ ಯೋಗ ನಮಗಿನ್ನೂ ಬಂದಿಲ್ಲ. ಆ ಪ್ರವಾಸದ ವರದಿಯನ್ನೇ ಈ ಹೊತ್ತು ಒಪ್ಪಿಸಿರೆಂದು ಕಾರ್ಯಕಾರಿ ಸಮಿತಿಯವರು ಹೇಳಿದ್ದಾರೆ. ರಜೆಯ ವಿಷಯ ಮುಂದಿನ ತಿಂಗಳಿಗಿರಲಿ. ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ನಾವು ಕಲಿತದ್ದು ಏಳನೆಯ ತರಗತಿ. ಅದರಲ್ಲಿಯೂ ಕೊನೆಯ ಕೆಲವು ತಿಂಗಳು ಪಾಟಿ ಹಿಡಿದದ್ದಕ್ಕಿಂತ ಲೋಟ ತೊಳೆದದ್ದೇ ಹೆಚ್ಚು. ಆದ್ದರಿಂದ ಷೇರು, ಕಂಪನಿ, ಬಂಡವಾಳ ಎಂಬ ಮಾತುಗಳನ್ನು ನಾವು ಅಡಿಗೆಮನೆಯ ಭಾಷೆಯಲ್ಲಿಯೇ ಹೇಳಬೇಕಾಗುತ್ತದೆ. ಲೆಕ್ಕಪತ್ರ ಬಲ್ಲ ಹಿರಿಯರು ತಪ್ಪಿದ್ದಲ್ಲಿ ತಿದ್ದಿಕೊಡಬೇಕು.

ಸಂಗತಿ ಹೀಗೆ. ನಮ್ಮ ಸಂಘದ ಹಳೆಯ ಸದಸ್ಯರೊಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ, ಅವರು ಇಲ್ಲಿಯೇ ಕುಳಿತಿದ್ದಾರೆ, ಹೇಳಬೇಡಿರೆಂದು ಕೇಳಿಕೊಂಡಿದ್ದಾರೆ. ಹುಡುಗನಾಗಿ ಈ ಊರಿಗೆ ಬಂದು ನಲವತ್ತು ವರ್ಷಕ್ಕೂ ಮೇಲೆ ಹೋಟೆಲಿನ ಬೆಂಕಿಯ ಮುಂದೆ ನಿಂತವರು. ಕಳೆದ ವರ್ಷ ನಿವೃತ್ತರಾದಾಗ ಪ್ರಾವಿಡೆಂಟ್ ಫಂಡಿನ ಹಣ ಆರು ಲಕ್ಷದ ಚಿಲ್ಲರೆ ಕೈಗೆ ಬಂತು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇವೆ: ಇಪ್ಪತ್ತು ಮಂದಿಗಿಂತ ಕಡಿಮೆ ಆಳುಗಳಿರುವ ಹೋಟೆಲಿಗೆ ಫಂಡಿನ ಕಾನೂನು ತಗಲುವುದಿಲ್ಲ. ನಮ್ಮಲ್ಲಿ ಎಷ್ಟು ಹೋಟೆಲುಗಳಲ್ಲಿ ಪುಸ್ತಕದ ಪ್ರಕಾರ ಹತ್ತೊಂಬತ್ತೇ ಆಳುಗಳಿರುತ್ತಾರೆಂಬುದು ತಮಗೆಲ್ಲ ಗೊತ್ತು. ಇವರದು ದೊಡ್ಡ ಹೋಟೆಲು, ಅದೃಷ್ಟ. ಆ ಹಣ ಇಪ್ಪತ್ತೆರಡು ವರ್ಷದ ಕೂಡಿಕೆ.

ಇವರ ಮಗ ವಿಶಾಖಪಟ್ಟಣದಲ್ಲಿ ಇಂಜಿನಿಯರಿಂಗ್ ಓದಿದ. ಅಲ್ಲಿ ಸೋದರಮಾವನ ಕ್ಯಾಂಟೀನು ಇದೆ. ಊಟ ವಸತಿಗೆ ಖರ್ಚಿಲ್ಲವೆಂದು ಅಲ್ಲಿಗೆ ಕಳಿಸಿದ್ದರು. ಓದು ಮುಗಿದ ಮೇಲೆ ಅವನು ಇಬ್ಬರು ಸ್ನೇಹಿತರ ಜತೆಗೆ ಕಂಪನಿ ಮಾಡಿದ್ದಾನೆ. ಸ್ಟಾರ್ಟಪ್ ಎನ್ನುತ್ತಾರೆ. ಹೋಟೆಲಿನವರು ನಾಳೆಗೆ ಎಷ್ಟು ಅಕ್ಕಿ ನೆನೆಹಾಕಬೇಕು, ಎಷ್ಟು ಹಿಟ್ಟು ರುಬ್ಬಬೇಕು, ಯಾವ ವಾರ ಎಷ್ಟು ಎಣ್ಣೆ ಹೋಯಿತು ಎಂಬುದನ್ನು ಮೊಬೈಲಿನಲ್ಲಿ ಲೆಕ್ಕ ಹಾಕಿ ಹೇಳುವ ಒಂದು ವ್ಯವಸ್ಥೆ. ಅಪ್ಪನ ಅಡಿಗೆಮನೆಯಲ್ಲಿ ಬೆಳೆದ ಹುಡುಗನಿಗೆ ಬಂದ ಯೋಚನೆ, ಒಳ್ಳೆಯ ಯೋಚನೆ. ಆದರೆ ಅವನು ಅಪ್ಪನಿಗೆ ಫೋನು ಮಾಡಿ ಹೇಳಿದನಂತೆ: “ಹಣ ಹೂಡುವವರು ಮೊದಲು ಕೇಳುವುದೇ, ನಿಮ್ಮ ಮನೆಯವರು ಎಷ್ಟು ಹಾಕಿದ್ದಾರೆ ಅಂತ. ಫಂಡಿನ ಹಣ ಕೊಡಿ.” ಅಪ್ಪ ನಮ್ಮ ಹತ್ತಿರ ಬಂದು ಕೊಡಲೋ ಬೇಡವೋ ಎಂದರು. ನಾವು ತಿಳಿಯದೆ ಹೇಳುವುದು ಹೇಗೆ? ನೋಡಿ ಬರುತ್ತೇವೆಂದು ಹೊರಟೆವು.

ಕೋನಾರ್ಕ ಎಕ್ಸ್‌ಪ್ರೆಸ್ಸು ಸೊಲ್ಲಾಪುರ, ಕಲಬುರಗಿ, ವಾಡಿಯ ಮೇಲಿಂದ ಸಿಕಂದರಾಬಾದು ದಾಟಿ ವಿಜಯವಾಡಕ್ಕೆ ಹೋಗುತ್ತದೆ. ಅಲ್ಲಿಂದ ವಿಶಾಖಪಟ್ಟಣ ಇನ್ನೂ ೩೫೦ ಕಿಲೋಮೀಟರು. ವಿಜಯವಾಡದಲ್ಲಿ ನಮ್ಮ ಕಡೆಯ ಹೋಟೆಲು ಹುಡುಗರ ಕೋಣೆಯಲ್ಲಿ ಎರಡು ದಿನ ಇಳಿದುಕೊಂಡೆವು. ಆಲಮಟ್ಟಿಯಲ್ಲಿ ಕಟ್ಟಿ ನಿಲ್ಲಿಸುವ ನಮ್ಮ ಕೃಷ್ಣೆ ಅಲ್ಲಿ ಪ್ರಕಾಶಂ ಬ್ಯಾರೇಜಿನ ಮುಂದೆ ಸಮುದ್ರದಂತೆ ಹರಡಿಕೊಂಡಿದೆ. ಹೊಳೆಗೆ ಗಡಿಯಿಲ್ಲ, ಹೋಟೆಲು ಕೆಲಸಗಾರನಿಗೂ ಇಲ್ಲ.

ಆ ಕೋಣೆಯ ಹುಡುಗನೊಬ್ಬ ಹೇಳಿದ: “ನಿಮಗೆ ಬಂಡವಾಳದ ಕೂಟ ನೋಡಬೇಕೇ? ನಾಳೆ ಬೆಳಿಗ್ಗೆ ಏಳಕ್ಕೆ ನಮ್ಮ ಹಾಲಿಗೆ ಬನ್ನಿ, ನಾನು ಇಡ್ಲಿ ಬಡಿಸುತ್ತಿರುತ್ತೇನೆ.” ಹೋದೆವು. ನಲವತ್ತು ಮಂದಿ ವ್ಯಾಪಾರಸ್ಥರು ಇಸ್ತ್ರಿಯ ಅಂಗಿ ತೊಟ್ಟು ಕುಳಿತಿದ್ದರು. ಒಬ್ಬೊಬ್ಬರಾಗಿ ಎದ್ದು ನಿಂತು ಒಂದೊಂದು ನಿಮಿಷದಲ್ಲಿ ತಮ್ಮ ಕಸುಬು ಹೇಳುತ್ತಾರೆ, ಇಂಥ ಗಿರಾಕಿ ಬೇಕೆಂದು ಕೇಳುತ್ತಾರೆ. ಒಬ್ಬನು ಇನ್ನೊಬ್ಬನಿಗೆ ಗಿರಾಕಿಯನ್ನು ತೋರಿಸಿಕೊಟ್ಟರೆ ಅದನ್ನು ಬರೆದಿಟ್ಟುಕೊಳ್ಳುತ್ತಾರೆ. ಇಂಥ ಕೂಟಗಳಲ್ಲಿ ದೊಡ್ಡದು ಬಿ.ಎನ್.ಐ. ಎಂಬುದು. ೧೯೮೫ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇವಾನ್ ಮೈಸ್ನರ್ ಎಂಬವರು ಹುಟ್ಟುಹಾಕಿದರು. ಈಗ ವಿಜಯವಾಡದಲ್ಲಿಯೂ ಇದೆ, ವಿಶಾಖಪಟ್ಟಣದಲ್ಲಿಯೂ ಇದೆ, ನಮ್ಮ ಮುಂಬಯಿಯಲ್ಲಿ ಹಲವು ಶಾಖೆಗಳಿವೆ. ವರ್ಷದ ವರ್ಗಣಿ ಕಟ್ಟಬೇಕು, ವಾರ ವಾರ ತಪ್ಪದೆ ಬರಬೇಕು. ಅದರ ಒಂದು ನಿಯಮ ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ: ಒಂದು ಶಾಖೆಯಲ್ಲಿ ಒಂದು ಕಸುಬಿಗೆ ಒಂದೇ ಕುರ್ಚಿ. ಒಬ್ಬ ವಕೀಲನಿದ್ದರೆ ಅದೇ ಬಗೆಯ ಇನ್ನೊಬ್ಬ ವಕೀಲನಿಗೆ ಜಾಗವಿಲ್ಲ.

ಬಂಧುಗಳೇ, ಇದನ್ನು ನಮ್ಮ ಸಂಘದ ಪಕ್ಕಕ್ಕಿಟ್ಟು ನೋಡಿ. ನಾವು ಒಂದೇ ಕಸುಬಿನವರೆಲ್ಲ ಒಂದು ಕೋಣೆಗೆ ಬರಲಿ ಎನ್ನುತ್ತೇವೆ. ಅವರು ಒಂದೊಂದು ಕಸುಬಿನಿಂದ ಒಬ್ಬನೇ ಬರಲಿ ಎನ್ನುತ್ತಾರೆ. ನಮಗೆ ಬೇಕಾದದ್ದು ಕೂಲಿ, ಅವರಿಗೆ ಬೇಕಾದದ್ದು ಗಿರಾಕಿ. ಅದಕ್ಕೇ ಬಾಗಿಲು ಬೇರೆ ಬೇರೆ. ನಾವು ನಗಾಡಲು ಇದನ್ನು ಹೇಳುತ್ತಿಲ್ಲ. ಆ ಮುಂಜಾನೆ ನಾವು ಕಂಡ ಶಿಸ್ತು, ಹೊತ್ತಿಗೆ ಸರಿಯಾಗಿ ಬರುವುದು, ಒಬ್ಬ ಮಾತನಾಡುವಾಗ ಇನ್ನೊಬ್ಬ ಬಾಯಿ ಹಾಕದಿರುವುದು, ಇವು ನಮ್ಮ ಸಭೆಗೂ ಬಂದರೆ ಚೆನ್ನ. ಹಿಂದಿನ ಸಾಲಿನವರು ಕೇಳಿಸಿಕೊಂಡರೆಂದು ತಿಳಿಯುತ್ತೇವೆ.

ಆದರೆ ಇಲ್ಲಿ ಯಾರೂ ಬಂಡವಾಳ ಹಾಕುವುದಿಲ್ಲ. ಪರಿಚಯ ಕೊಡುತ್ತಾರೆ ಅಷ್ಟೆ. ಬಂಡವಾಳ ಹಾಕುವ ಕೂಟ ಬೇರೆ. ಅದನ್ನು ನೋಡಿದ್ದು ವಿಶಾಖಪಟ್ಟಣದಲ್ಲಿ.

ಅಲ್ಲಿ ಸರಕಾರದವರೂ ಕಾಲೇಜಿನವರೂ ಈ ಹುಡುಗರಿಗಾಗಿ ಜಾಗ ಮಾಡಿಕೊಟ್ಟಿದ್ದಾರೆ. ಇನ್‌ಕ್ಯುಬೇಟರ್ ಎನ್ನುತ್ತಾರೆ, ಎಂದರೆ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಮೇಜು, ಕುರ್ಚಿ, ವಿದ್ಯುತ್ತು ಕೊಟ್ಟು ಬುದ್ಧಿ ಹೇಳುವವರನ್ನೂ ಕರೆಸುತ್ತಾರೆ. ಆಂಧ್ರ ವಿಶ್ವವಿದ್ಯಾಲಯದಲ್ಲಿದೆ, ಐ.ಐ.ಎಂ.ನಲ್ಲಿದೆ. ೨೦೨೫ರ ಆಗಸ್ಟ್ ೨೦ರಂದು ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ವಿಜಯವಾಡದಿಂದ ಕೃಷ್ಣೆ ದಾಟಿದರೆ ಸಿಗುವ ಮಂಗಳಗಿರಿಯಲ್ಲಿ ರತನ್ ಟಾಟಾ ಹೆಸರಿನ ಇನ್ನೋವೇಷನ್ ಹಬ್ ತೆರೆದರು. ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಅದರ ಕವಲುಗಳು. ಮನೆಗೊಬ್ಬ ಉದ್ಯಮಿ ಎಂಬುದು ಅಲ್ಲಿಯ ಘೋಷಣೆ. ಮನೆಗೊಬ್ಬ ಉದ್ಯಮಿಯಾದರೆ ಬಟ್ಟಲು ತೊಳೆಯುವವರು ಯಾವ ಮನೆಯಿಂದ ಬರಬೇಕೆಂದು ನಾವು ಆ ಹುಡುಗನನ್ನು ಕೇಳಿದೆವು. ಅವನು ನಕ್ಕ. ದೊಡ್ಡ ಬಂಡವಾಳದ ದಾರಿ ಇನ್ನೊಂದು ಬಗೆ; ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ಕಂಪನಿಯವರು ವಿಶಾಖಪಟ್ಟಣದಲ್ಲಿ ಐದು ವರ್ಷದಲ್ಲಿ ೧,೫೦೦ ಕೋಟಿ ಡಾಲರ್ ಹಾಕುತ್ತೇವೆಂದು ಪ್ರಕಟಿಸಿದರು. ಅಷ್ಟು ದೊಡ್ಡವರು ಇಡ್ಲಿ ತಿನ್ನುವ ಕೂಟಕ್ಕೆ ಬರಬೇಕಾಗಿಲ್ಲ. ಬರಬೇಕಾದವರು ನಮ್ಮ ಹುಡುಗನಂಥವರು.

ಆ ಸಂಜೆ ಒಂದು ಹೋಟೆಲಿನ ಹಾಲಿನಲ್ಲಿ ಆರು ಕಂಪನಿಗಳ ಹುಡುಗರು ಒಬ್ಬೊಬ್ಬರಾಗಿ ತೆರೆಯ ಮೇಲೆ ಚಿತ್ರ ತೋರಿಸಿ ಎಂಟು ಎಂಟು ನಿಮಿಷ ಮಾತನಾಡಿದರು. ಕೇಳುವವರಲ್ಲಿ ಹಣ ಹೂಡುವವರು ಹತ್ತು ಹನ್ನೆರಡು ಮಂದಿ. ಅವರಿಗೆ ಏಂಜೆಲ್ ಎಂದು ಹೆಸರು, ಎಂದರೆ ದೇವದೂತ. ನಮ್ಮ ಕಡೆ ಸಾಲ ಕೊಡುವವರಿಗೆ ಬೇರೆ ಹೆಸರುಗಳಿವೆ. ವೈದ್ಯರಿದ್ದರು, ಔಷಧ ಕಾರಖಾನೆಯವರಿದ್ದರು, ಅಮೆರಿಕದಲ್ಲಿ ದುಡಿದು ಹಿಂದಿರುಗಿದವರಿದ್ದರು. ನಮ್ಮನ್ನು ಹುಡುಗನು ಹೋಟೆಲು ಕಸುಬಿನ ಅನುಭವಸ್ಥರು ಎಂದು ಪರಿಚಯ ಮಾಡಿ ಹಿಂದಿನ ಕುರ್ಚಿಯಲ್ಲಿ ಕೂರಿಸಿದ.

ಕುರ್ಚಿಯಲ್ಲಿ ಕುಳಿತು ಅಭ್ಯಾಸವಿಲ್ಲ. ಟ್ರೇ ಹಿಡಿದು ಬಂದವನ ಕೈ ನೋಡಿದೊಡನೆ ನಮಗೆ ಗೊತ್ತಾಯಿತು, ಇವನು ನಮ್ಮವನೇ. ಎಂಟು ಲೋಟ ಒಂದೇ ಕೈಯಲ್ಲಿ. ಕೇಳಿದರೆ ಕುಂದಾಪುರದ ಕಡೆಯವನು. ಅವನು ಮೆಲ್ಲಗೆ ಹೇಳಿದ: “ಮಾರಾಯ್ರೆ, ನೀವು ಭಾಷಣ ಕೇಳಿ ಪ್ರಯೋಜನವಿಲ್ಲ. ಭಾಷಣದಲ್ಲಿ ಯಾರೂ ಹಣ ಕೊಡುವುದಿಲ್ಲ. ಆಮೇಲೆ ಕಾಫಿ ಕೊಡುವಾಗ ನೋಡಿ. ಆ ಕಪ್ಪು ಕೋಟಿನವರು ಯಾರ ಹತ್ತಿರ ನಿಂತು ಎರಡನೆಯ ಕಪ್ಪು ಕೇಳುತ್ತಾರೋ ಆ ಹುಡುಗನ ಕೆಲಸ ಆಯಿತು ಅಂತ.” ಎರಡು ವರ್ಷದಿಂದ ಆ ಹಾಲಿನಲ್ಲಿ ಕಾಫಿ ಕೊಡುತ್ತಿರುವವನು. ನಾವು ನೋಡಿದೆವು. ಅವನು ಹೇಳಿದಂತೆಯೇ ನಡೆಯಿತು. ಆರು ಮಂದಿಯಲ್ಲಿ ಇಬ್ಬರ ಹತ್ತಿರ ಜನ ನಿಂತರು. ಆ ಇಬ್ಬರೂ ಕೂಟದ ಹಿರಿಯರೊಬ್ಬರ ಮೂಲಕ ಮೊದಲೇ ಪರಿಚಯವಾಗಿದ್ದವರು. ಉಳಿದ ನಾಲ್ವರು ತಮ್ಮ ತಮ್ಮಲ್ಲೇ ಮಾತನಾಡಿಕೊಂಡು ಬಿಸ್ಕತ್ತು ತಿಂದರು. ನಮ್ಮ ಹುಡುಗ ಆ ನಾಲ್ವರಲ್ಲೊಬ್ಬ. ಒಬ್ಬರು ಮಾತ್ರ ಅವನ ಬಳಿ ಬಂದರು. ಅವರ ಮಾತು ಆಮೇಲೆ ಹೇಳುತ್ತೇವೆ.

ಪರಿಚಯದಿಂದ ಬಂಡವಾಳ ಹುಟ್ಟುವುದು ಹೊಸತೇನೂ ಅಲ್ಲ. ವಿಶಾಖಪಟ್ಟಣದ ಹಡಗುಕಟ್ಟೆಯನ್ನೇ ನೋಡಿ. ಅದನ್ನು ಹಾಕಿದವರು ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು. ೧೯೩೯ರಲ್ಲಿ ಅವರು ವಿಮಾನದಲ್ಲಿ ಹೋಗುವಾಗ ವಿಲಿಯಂ ಪಾಲಿ ಎಂಬ ಅಮೆರಿಕದವನ ಪರಿಚಯವಾಯಿತು. ಅವನು ಚೀನದಲ್ಲಿ ವಿಮಾನದ ಕಾರಖಾನೆ ನಡೆಸುತ್ತಿದ್ದವನು. ಆ ಮಾತುಕತೆಯಿಂದ ಹೊರಟದ್ದು ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರಕಾರ ೨೫ ಲಕ್ಷ ರೂಪಾಯಿ ಹಾಕಿ ಪಾಲುದಾರನಾಯಿತು. ಮುಂದಿನ ವರ್ಷವೇ ವಿಶಾಖಪಟ್ಟಣದಲ್ಲಿ ರಾಜೇಂದ್ರ ಪ್ರಸಾದರು ಹಡಗುಕಟ್ಟೆಗೆ ಅಸ್ತಿಭಾರವಿಟ್ಟರು. ಅಲ್ಲಿ ಕಟ್ಟಿದ ಜಲ ಉಷಾ ಎಂಬ ಹಡಗನ್ನು ೧೯೪೮ರ ಮಾರ್ಚಿಯಲ್ಲಿ ನೆಹರೂ ನೀರಿಗಿಳಿಸಿದರು. ೧೯೫೨ರಲ್ಲಿ ಸರಕಾರ ಅದರ ಹೆಚ್ಚಿನ ಪಾಲನ್ನು ಕೊಂಡಿತು. ಶ್ರೀಮಂತರು ಪಕ್ಕಪಕ್ಕದಲ್ಲಿ ಕುಳಿತರೆ ಕಾರಖಾನೆ ಹುಟ್ಟುತ್ತದೆ. ನಾವು ಜನರಲ್ ಡಬ್ಬಿಯಲ್ಲಿ ಮೂವತ್ತು ತಾಸು ಪಕ್ಕಪಕ್ಕದಲ್ಲಿ ಕುಳಿತರೂ ಹುಟ್ಟುವುದು ಬೆನ್ನುನೋವು.

ಹಾಗೆಂದು ನಮ್ಮವರಿಗೆ ಕೂಟವೇ ಇರಲಿಲ್ಲವೆ? ಇತ್ತು. ಮಾಟುಂಗದಲ್ಲಿ ೧೯೪೨ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು ಹುಡುಗನಾಗಿ ಅಡಿಗೆಮನೆಗೆ ಬಂದವರು. ಮದರಾಸಿನ ವುಡ್‌ಲ್ಯಾಂಡ್ಸಿನ ಕೆ. ಕೃಷ್ಣರಾಯರೂ ಅಡಿಗೆಮನೆಯಿಂದಲೇ ಎದ್ದವರು. ಆ ಕಾಲದಲ್ಲಿ ಒಬ್ಬ ಹುಡುಗನ ಕೈಗೆ ಹೋಟೆಲು ಬರುತ್ತಿದ್ದದ್ದು ಧಣಿಗೆ ಅವನ ನಡತೆ ಗೊತ್ತಿದ್ದದ್ದರಿಂದ, ದಿನಸಿ ಅಂಗಡಿಯವನು ಕಡ ಕೊಟ್ಟದ್ದರಿಂದ, ಊರವರು ಚೀಟಿ ಎತ್ತಿಕೊಟ್ಟದ್ದರಿಂದ. ೧೯೨೫ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿಯ ಬಂಡವಾಳದಿಂದ ಉಪೇಂದ್ರ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈಗಳು ಸಿಂಡಿಕೇಟ್ ಬ್ಯಾಂಕು ತೆರೆದರು; ಕೈಮಗ್ಗದವರಿಗೆ ನೆರವಾಗಲೆಂದು. ೧೯೨೮ರಲ್ಲಿ ಪಿಗ್ಮಿ ಬಂತು, ದಿನಕ್ಕೆ ಎರಡಾಣೆ. ಮಧ್ಯಾಹ್ನ ಮೂರು ಗಂಟೆಗೆ ಏಜೆಂಟು ಹೋಟೆಲಿನ ಹಿಂಬಾಗಿಲಿಗೆ ಬಂದು ಟಿಪ್ಪಿನ ಚಿಲ್ಲರೆಯನ್ನು ಬರೆದುಕೊಂಡು ಹೋಗುತ್ತಿದ್ದದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಈ ಮುಂಬಯಿಯಲ್ಲೇ ಬಿಲ್ಲವರ ಸಂಘದವರು ೧೯೭೮ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕು ಕಟ್ಟಿದರು. ವಿಜಯವಾಡದವರಿಗೂ ತಮ್ಮ ಕಥೆಯಿದೆ. ಹತ್ತಿರದ ಮಚಲೀಪಟ್ಟಣದಲ್ಲಿ ೧೯೨೩ರಲ್ಲಿ ಪಟ್ಟಾಭಿ ಸೀತಾರಾಮಯ್ಯನವರು ಆಂಧ್ರ ಬ್ಯಾಂಕು ಹಾಕಿದರು. ವಿಚಿತ್ರ ನೋಡಿ, ಉಡುಪಿಯಲ್ಲಿ ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಹಾಕಿದ ಕಾರ್ಪೊರೇಷನ್ ಬ್ಯಾಂಕೂ ಆ ಆಂಧ್ರ ಬ್ಯಾಂಕೂ ೨೦೨೦ರ ಏಪ್ರಿಲ್ ಒಂದರಂದು ಒಟ್ಟಿಗೆ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಸಿಂಡಿಕೇಟು ಅದೇ ದಿನ ಕೆನರಾದಲ್ಲಿ ಸೇರಿತು. ಉಡುಪಿಯವರೂ ಮಚಲೀಪಟ್ಟಣದವರೂ ಒಂದೇ ಮನೆಗೆ ಹೋದ ಸೊಸೆಯರಾದರು.

ಈ ಹಳೆಯ ಕೂಟಗಳಿಗೆ ಜಾತಿಯ ಬೇಲಿ ಇತ್ತೆಂಬುದನ್ನು ನಾವು ಮರೆಮಾಚುವುದಿಲ್ಲ. ತನ್ನವರ ಸಂಘವಿಲ್ಲದ ಹುಡುಗ ಬಟ್ಟಲು ತೊಳೆಯುತ್ತಲೇ ಮುದುಕನಾದ. ವಿಶಾಖಪಟ್ಟಣದ ಹಾಲಿನಲ್ಲಿ ಯಾರೂ ಜಾತಿ ಕೇಳಲಿಲ್ಲ. ಯಾವ ಕಾಲೇಜು, ಯಾರು ಕಳಿಸಿದರು ಎಂದು ಕೇಳಿದರು. ಅದು ಬೇರೆ ಬೇಲಿಯೋ, ಅದೇ ಬೇಲಿಗೆ ಹೊಸ ಸುಣ್ಣವೋ, ಒಂದು ಸಂಜೆಯಲ್ಲಿ ತೀರ್ಪು ಹೇಳುವಷ್ಟು ಬುದ್ಧಿವಂತರು ನಾವಲ್ಲ.

ಈಗ ಆ ಆರು ಲಕ್ಷದ ವಿಷಯ. ಇದನ್ನು ಸ್ವಲ್ಪ ಮನಸ್ಸಿಟ್ಟು ಕೇಳಬೇಕು.

ದೇವದೂತನ ಲೆಕ್ಕ ಹೀಗಿರುತ್ತದೆ: ಹತ್ತು ಕಂಪನಿಗೆ ಸ್ವಲ್ಪ ಸ್ವಲ್ಪ ಹಾಕುತ್ತಾನೆ. ಹೆಚ್ಚಿನವು ಮುಳುಗುತ್ತವೆಂದು ಅವನಿಗೆ ಮೊದಲೇ ಗೊತ್ತು. ಒಂದು ಎದ್ದರೆ ಹತ್ತರ ನಷ್ಟವನ್ನೂ ಅದು ತುಂಬಬೇಕು. ಅಲ್ಲಿದ್ದ ವೈದ್ಯರೊಬ್ಬರು ಇದನ್ನು ನಮಗೆ ಬಿಚ್ಚಿ ಹೇಳಿದರು, ಸುಳ್ಳಾಡಲಿಲ್ಲ. ಅಪ್ಪ ಹಾಕುವುದು ಒಂದೇ ಕಡೆ, ಇರುವುದನ್ನೆಲ್ಲ. ಹತ್ತು ಗದ್ದೆಯವನು ಒಂದರಲ್ಲಿ ಬೆಳೆ ಹೋದರೆ ನಿಟ್ಟುಸಿರು ಬಿಡುತ್ತಾನೆ. ಒಂದೇ ಗದ್ದೆಯವನು ಊರು ಬಿಡುತ್ತಾನೆ. ಇಬ್ಬರನ್ನೂ ಹೂಡಿಕೆದಾರರು ಎಂದೇ ಕರೆಯುವುದು ಭಾಷೆಯ ತಪ್ಪು. ನಾವು ಚಿಕ್ಕವರಾಗಿದ್ದಾಗ ಲೋವರ್ ಪರೇಲಿನ ಚಾಳುಗಳಲ್ಲಿ ಇದನ್ನು ಕಂಡಿದ್ದೇವೆ. ೧೯೮೨ರ ಮುಷ್ಕರದ ತರುವಾಯ ಒಂದೊಂದಾಗಿ ಗಿರಣಿಗಳು ಮುಚ್ಚಿದಾಗ ಕೈಗೆ ಬಂದ ಹಣವನ್ನು ಮಗನ ಅಂಗಡಿಗೆ, ಅಳಿಯನ ರಿಕ್ಷಾಕ್ಕೆ ಹಾಕಿದವರಿದ್ದರು. ಕೆಲವರದು ನಿಂತಿತು. ಕೆಲವರು ಎಪ್ಪತ್ತರ ವಯಸ್ಸಿನಲ್ಲಿ ಕಾವಲುಗಾರರಾದರು. ಅವರಲ್ಲಿ ಇಬ್ಬರು ಈ ಸಭೆಯಲ್ಲಿಯೂ ಇದ್ದಾರೆ.

ಇನ್ನೊಂದು ಸಂಗತಿ ಪಂಕ್ತಿಯದು. ಊರಿನ ಮದುವೆಯಲ್ಲಿ ಮೊದಲ ಪಂಕ್ತಿ, ಎರಡನೆಯ ಪಂಕ್ತಿ, ಕೊನೆಗೆ ಬಡಿಸಿದವರ ಪಂಕ್ತಿ ಇರುವುದಿಲ್ಲವೆ? ಕಂಪನಿ ಮುಳುಗಿದರೆ ಉಳಿದದ್ದನ್ನು ಬಡಿಸುವುದಕ್ಕೂ ಪಂಕ್ತಿ ಇದೆ. ೨೦೧೬ರ ದಿವಾಳಿ ಕಾನೂನಿನಲ್ಲಿ ಅದನ್ನು ಬರೆದಿದ್ದಾರೆ. ಮುಚ್ಚುವ ಕೆಲಸದ ಖರ್ಚು ಮೊದಲು. ಆಮೇಲೆ ಕಾರ್ಮಿಕರ ೨೪ ತಿಂಗಳ ಬಾಕಿ, ಅದರ ಸರಿಸಮಕ್ಕೆ ಅಡವು ಇಟ್ಟುಕೊಂಡ ಸಾಲಗಾರರು. ಆಮೇಲೆ ಉಳಿದ ನೌಕರರ ೧೨ ತಿಂಗಳ ಸಂಬಳ. ಆಮೇಲೆ ಅಡವಿಲ್ಲದೆ ಸಾಲ ಕೊಟ್ಟವರು. ಆಮೇಲೆ ಸರಕಾರ. ಪಾಲು ಹಿಡಿದವರಲ್ಲಿ ಪ್ರಾಶಸ್ತ್ಯದ ಷೇರಿನವರು ಮುಂದೆ, ಸಾಧಾರಣ ಷೇರಿನವರು ಎಲ್ಲರಿಗಿಂತ ಹಿಂದೆ. ದೇವದೂತರು ಸಾಮಾನ್ಯವಾಗಿ ಪ್ರಾಶಸ್ತ್ಯದ ಷೇರನ್ನೇ ಬರೆಸಿಕೊಳ್ಳುತ್ತಾರೆ. ಕಂಪನಿ ಮಾರಿದರೂ ಮುಚ್ಚಿದರೂ ತಾವು ಹಾಕಿದ್ದು ತಮಗೆ ಮೊದಲು ಬರಲಿ ಎಂದು ಕರಾರು ಮಾಡುತ್ತಾರೆ. ಅಪ್ಪನಿಗೆ ಪ್ರೀತಿಯಿಂದ ಕೊಡುವುದು ಸಾಧಾರಣ ಷೇರು. ಎಂದರೆ ಕೊನೆಯ ಪಂಕ್ತಿ. ಅಷ್ಟು ಹೊತ್ತಿಗೆ ಪಾಯಸದ ಕೊಪ್ಪರಿಗೆ ತೊಳೆದಿರುತ್ತಾರೆ.

ಹಾಗಾದರೆ ಕೊಡಲೇಬೇಕೆಂದಿದ್ದರೆ ಹೇಗೆ ಕೊಡಬೇಕು? ಸಾಲವೆಂದು ಕೊಡಬಹುದು. ಖಾಸಗಿ ಕಂಪನಿಯು ತನ್ನ ಡೈರೆಕ್ಟರನ ಹತ್ತಿರದ ಸಂಬಂಧಿಕರಿಂದ ಸಾಲ ತೆಗೆದುಕೊಳ್ಳಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಆ ಹಣ ತಾನು ಇನ್ನೊಬ್ಬರಿಂದ ಸಾಲ ತಂದದ್ದಲ್ಲವೆಂದು ಕೊಡುವವನು ಬರೆದುಕೊಡಬೇಕು. ಬಡ್ಡಿ ಎಷ್ಟು, ಯಾವಾಗ ಹಿಂದಕ್ಕೆ, ಎಲ್ಲ ಕಾಗದದಲ್ಲಿರಬೇಕು. ಅಪ್ಪ ಮಗನ ನಡುವೆ ಕಾಗದ ಯಾಕೆ ಎನ್ನುತ್ತೀರಿ. ಅಪ್ಪ ಹಣ ಕೊಡುವುದು ಮಗನಿಗಲ್ಲ, ಕಂಪನಿಗೆ. ಮಗ ಮೂವರಲ್ಲಿ ಒಬ್ಬ. ನಾಳೆ ದೇವದೂತ ಬಂದು ಕುಳಿತರೆ ನಾಲ್ವರಲ್ಲಿ ಒಬ್ಬ. ಕಾಗದವಿಲ್ಲದೆ ಕೊಟ್ಟು ಕೆಟ್ಟವರಲ್ಲಿ ನಾವೂ ಒಬ್ಬರು. ಎಂಟು ವರ್ಷದ ಹಿಂದೆ ಜತೆಗಾರನ ಹೋಟೆಲಿಗೆ ನಲವತ್ತು ಸಾವಿರ ಕೊಟ್ಟು ಇಂದಿಗೂ ಅವನ ಮದುವೆಗೆ ಹೋದಾಗ ತಿಂದ ಊಟವೇ ಬಡ್ಡಿ ಎಂದುಕೊಂಡಿದ್ದೇವೆ.

ಆ ಹುಡುಗನ ಕಚೇರಿಯಲ್ಲಿ ಶ್ರೀಕಾಕುಳದ ಕಡೆಯ ಇಬ್ಬರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಅರ್ಧ ಸಂಬಳ, ಉಳಿದರ್ಧಕ್ಕೆ ಮುಂದೆ ಕಂಪನಿಯ ಪಾಲು ಕೊಡುತ್ತೇವೆಂಬ ಮಾತು. ಮಾತು ಎಲ್ಲಿ ಬರೆದಿದೆ ಎಂದು ಕೇಳಿದೆವು. ಎಲ್ಲಿಯೂ ಬರೆದಿರಲಿಲ್ಲ. ಕೆಲಸಗಾರರಿಗೆ ಪಾಲು ಕೊಡಬೇಕಾದರೆ ಷೇರುದಾರರ ಸಭೆಯಲ್ಲಿ ಠರಾವು ಆಗಬೇಕು, ಕೊಟ್ಟೆವೆಂದ ದಿನದಿಂದ ಅದು ಕೈಗೆ ಹತ್ತಲು ಕನಿಷ್ಠ ಒಂದು ವರ್ಷ ಕಳೆಯಬೇಕು. ಹುಡುಗನಿಗೆ ಇದು ಗೊತ್ತಿತ್ತು, ಪುರಸೊತ್ತಾಗಿರಲಿಲ್ಲವಂತೆ. ಧಣಿಗಳಿಗೆ ಯಾವ ಕೆಲಸಕ್ಕೆ ಪುರಸೊತ್ತಾಗುವುದಿಲ್ಲ ಎಂಬುದನ್ನು ನಾವು ಹೋಟೆಲುಗಳಲ್ಲಿ ಕಂಡಿದ್ದೇವೆ. ನಾವು ಅಲ್ಲಿರುವಾಗಲೇ ಕಾಗದ ಬರೆಸಿದೆವು. ಆ ಹೆಣ್ಣುಮಕ್ಕಳು ನಮಗೆ ಒಂದು ಡಬ್ಬಿ ಗೋಡಂಬಿ ಕೊಟ್ಟರು. ಸಂಘದ ಕಚೇರಿಯಲ್ಲಿಟ್ಟಿದ್ದೇವೆ, ಉಳಿದಿದ್ದರೆ ತಿನ್ನಿ.

ಇನ್ನು ಆ ಒಬ್ಬರ ಮಾತು. ಕಾಫಿಯ ಹೊತ್ತಿನಲ್ಲಿ ನಮ್ಮ ಹುಡುಗನ ಬಳಿ ಬಂದವರು ಕೇಳಿದ್ದು ಒಂದೇ ಪ್ರಶ್ನೆ: “ಇದನ್ನು ಹಾಕಿದರೆ ಒಂದು ಅಡಿಗೆಮನೆಯಲ್ಲಿ ಎಷ್ಟು ಆಳು ಕಡಿಮೆಯಾಗುತ್ತಾರೆ?” ಕೇಳಿ ನಮ್ಮ ಮುಖ ನೋಡಿದರು, ಅನುಭವಸ್ಥರಲ್ಲವೆ. ನಾವು ಹೇಳಿದೆವು: ಆಳು ಕಡಿಮೆಯಾಗುವುದಿಲ್ಲ, ಚರಂಡಿಗೆ ಹೋಗುವ ಹಿಟ್ಟು ಕಡಿಮೆಯಾಗುತ್ತದೆ. ಹುಡುಗ ತಕ್ಷಣ ನಡುವೆ ಬಾಯಿ ಹಾಕಿ, “ಇಬ್ಬರು ಕಡಿಮೆಯಾಗುತ್ತಾರೆ ಸರ್” ಎಂದ. ಅವರು ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡರು.

ಆ ರಾತ್ರಿ ಬೀಚ್ ರೋಡಿನ ಕಟ್ಟೆಯ ಮೇಲೆ ಕುಳಿತು ಅವನನ್ನು ಕೇಳಿದೆವು, ಯಾವ ಇಬ್ಬರು? ಅವನಿಗೆ ಉತ್ತರವಿರಲಿಲ್ಲ. ಲೆಕ್ಕ ಹಾಕಿರಲಿಲ್ಲ. ಕೊನೆಗೆ ಹೇಳಿದ: “ಅಣ್ಣ, ಹಿಟ್ಟು ಉಳಿಯುತ್ತದೆ ಎಂದರೆ ತಲೆಯಾಡಿಸುತ್ತಾರೆ. ಆಳು ಉಳಿಯುತ್ತದೆ ಎಂದರೆ ಪೆನ್ನು ತೆಗೆಯುತ್ತಾರೆ. ನಾನೇನು ಮಾಡಲಿ?” ಬಂಧುಗಳೇ, ಧಣಿಗಳ ಎದುರು ನಮ್ಮ ಬಾಯಿ ಕಟ್ಟುವುದಿಲ್ಲವೆಂದು ತಾವು ನಮ್ಮನ್ನು ಈ ಕೆಲಸಕ್ಕೆ ಆರಿಸಿದಿರಿ. ಆ ರಾತ್ರಿ ಕಟ್ಟಿತು. ಅವನು ಕೆಟ್ಟವನಲ್ಲ. ನಮ್ಮ ಮನೆಯ ಹುಡುಗ. ನಮ್ಮವನ ಫಂಡಿನ ಹಣ ಹಿಡಿದು ನಮ್ಮವರಿಬ್ಬರನ್ನು ಕಳೆಯುವ ಲೆಕ್ಕವನ್ನು ಮಾರಬೇಕಾಗಿ ಬಂದಿದೆ, ಅದೂ ನಿಜವಾದ ಲೆಕ್ಕವಲ್ಲ. ನೆಂಟರ ಮೇಲೆ ಆಸೆ, ಅಕ್ಕಿಯ ಮೇಲೆ ಪ್ರೀತಿ ಎಂಬ ಗಾದೆ ನೆನಪಾಯಿತು. ಆದರೆ ಗಾದೆ ಹೇಳಿ ಅವನಿಗೆ ದಾರಿ ತೋರಿಸಿದಂತಾಗಲಿಲ್ಲ.

ಮುಂಬಯಿಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆವು, ಪಂಕ್ತಿಯ ವಿಷಯ, ಪೆನ್ನಿನ ವಿಷಯ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ನಾನು ಬಂದಾಗ ಒರಳು ತಿರುಗಿಸಲು ನಾವು ಐದು ಮಂದಿ ಇದ್ದೆವು. ಕರೆಂಟಿನ ಗ್ರೈಂಡರು ಬಂದಾಗ ನನ್ನನ್ನು ಕಾವಲಿಗೆ ಹಾಕಿದರು. ಇನ್ನೊಬ್ಬನನ್ನು ಬಡಿಸಲು ಹಾಕಿದರು. ಮೂವರು ಊರಿಗೆ ಹೋದರು. ಅವರ ಹೆಸರು ಈಗಲೂ ಹೇಳಬಲ್ಲೆ.” ಹೇಳಿದರು ಸಹ. ಗ್ರೈಂಡರು ಬೇಡವಾಗಿತ್ತೇ ಎಂದು ಕೇಳಿದೆವು. “ಭುಜ ಹೋಗಿತ್ತು. ಬೇಕಾಗಿತ್ತು” ಎಂದರು.

ಅವರು ಮಾಡಿದ ನಿರ್ಧಾರ ಅವರದು. ಎರಡು ಲಕ್ಷವನ್ನು ಕಾಗದ ಮಾಡಿಸಿ ಸಾಲವಾಗಿ ಕೊಟ್ಟರು. ಉಳಿದದ್ದನ್ನು ಹೆಂಡತಿಯ ಹೆಸರೂ ಸೇರಿಸಿ ಪೋಸ್ಟಾಫೀಸಿನಲ್ಲಿಟ್ಟರು. ಕಾಗದದ ಕೊನೆಗೆ ವಕೀಲರು ನಗುವಂಥ ಒಂದು ಸಾಲನ್ನು ತಾವೇ ಬರೆಸಿದರು: ಈ ಕಂಪನಿಯ ಮಾಲನ್ನು ಆಳು ಕಡಿಮೆ ಮಾಡುವ ಯಂತ್ರವೆಂದು ಮಾರಿದರೆ ಸಾಲ ಒಡನೆ ಹಿಂದಕ್ಕೆ ಕೊಡತಕ್ಕದ್ದು. ನ್ಯಾಯಾಲಯದಲ್ಲಿ ಅದು ನಿಲ್ಲುವುದೋ ಇಲ್ಲವೋ ವಕೀಲರಿಗೇ ಅನುಮಾನ. ಮಗ ಎರಡು ದಿನ ಫೋನು ಮಾಡಲಿಲ್ಲ. ಮೂರನೆಯ ದಿನ ಸಹಿ ಮಾಡಿ ಕಳಿಸಿದ.

ಆ ಪೆನ್ನಿನವರು ಮತ್ತೆ ಬರಲಿಲ್ಲವಂತೆ. ಆದರೆ ವಿಜಯವಾಡದಲ್ಲಿ ನಮ್ಮ ಕೋಣೆಯ ಹುಡುಗರು ದಿನಸಿ ಸಗಟು ವ್ಯಾಪಾರಿಯೊಬ್ಬರನ್ನು ಅವನಿಗೆ ತೋರಿಸಿಕೊಟ್ಟರು. ಆ ವ್ಯಾಪಾರಿಗೆ ಯಾವ ಹೋಟೆಲು ತಿಂಗಳಿಗೆ ಎಷ್ಟು ಉದ್ದು ಒಯ್ಯುತ್ತದೆಂಬುದು ಬಾಯಿಪಾಠ. ಅವರ ಮಾತಿನ ಮೇಲೆ ನಾಲ್ಕು ಹೋಟೆಲುಗಳು ಒಂದು ತಿಂಗಳ ಪರೀಕ್ಷೆಗೆ ಒಪ್ಪಿವೆ. ಆ ಪರಿಚಯಕ್ಕೆ ವರ್ಗಣಿ ಯಾರೂ ಕೇಳಲಿಲ್ಲ. ಒಂದು ರಾತ್ರಿ ಒಟ್ಟಿಗೆ ಊಟ ಮಾಡಿದರಂತೆ.

ಈಗ ಸಭೆಯ ಮುಂದೆ ಒಂದು ಕೋರಿಕೆ. ಮುಂಬಯಿಯಲ್ಲಿಯೂ ಎರಡು ಮೂರು ಅಡಿಗೆಮನೆಗಳಲ್ಲಿ ಇದನ್ನು ಪರೀಕ್ಷಿಸಬೇಕೆಂದು ಹುಡುಗ ಕೇಳಿದ್ದಾನೆ. ಧಣಿಯ ಒಪ್ಪಿಗೆ ಅವನು ಕೇಳಿಕೊಳ್ಳಲಿ. ಆದರೆ ಹಿಟ್ಟಿನ ಲೆಕ್ಕ ಬರೆಯಬೇಕಾದವರು ನೀವು. ನಿಮ್ಮ ಒಪ್ಪಿಗೆ ಮೊದಲು ಬೇಕೆಂದು ನಾವು ಅವನಿಗೆ ಹೇಳಿದ್ದೇವೆ. ಯಾವ ಅಡಿಗೆಮನೆಯವರು ತಯಾರಿದ್ದೀರೋ, ಎಷ್ಟು ಮಂದಿ ಕೆಲಸಕ್ಕಿದ್ದೀರಿ, ಯಾರ್‍ಯಾರು ಯಾವ ಕೆಲಸ ಎಂಬುದನ್ನು ಬರೆದು ಮುಂದಿನ ಭಾನುವಾರದೊಳಗೆ ಕಾರ್ಯದರ್ಶಿಯವರಲ್ಲಿ ಕೊಡಿರಿ. ಪರೀಕ್ಷೆ ಮುಗಿದ ಮೇಲೆ ಅದೇ ಪಟ್ಟಿಯನ್ನು ಮತ್ತೆ ಎಣಿಸಿ ನೋಡುತ್ತೇವೆ.